ಮಲಗಿಸಿಟ್ಟ ಕಂಪ್ಯೂಟರ್

ನಗೋರು ಈಗ್ಲೇ ನಕ್ಕುಬಿಡಿ. ಹಾವನ್ನ ಬರಿಗೈಲಿ ಹಿಡಿದೋನು ನಾನು. ದೆವ್ವ ಅಂದ್ರೆ ನನ್ನ ಕಾಲ ಕಸ. ಆದ್ರೆ ಆವತ್ತು...

ಕೆಲಸ ಮುಗಿಸಿ ಹಾಳುಬಾವಿ ಪಕ್ಕ ಬರ್ತಿದ್ದೆ. ಕರೆಂಟ್ ಹೋಗಿ ಬೀದಿಯೆಲ್ಲಾ ಕತ್ತಲು. ನಮ್ಮ ಚಿಕ್ಕಪ್ಪನ ಮಗನ ಟೈಪಿಂಗ್ ಅಂಗಡೀಲಿ ಮಾತ್ರ ಒಂದು ಚುಕ್ಕಿ ದೀಪ, ಹೋಗ್ತಾ... ಬರ್ತಾ... ಪಾಪ, ಹೆಂಡ್ತಿ ಸತ್ತು ತಿಂಗಳಾಗಿತ್ತು ಅವನಿಗೆ. ಒಳಗೆ ಹೋದೆ.

"ಏನೋ, ಮನೆ ಮಠ ಇಲ್ವಾ ನಿಂಗೆ?"

"ಮೆಲ್ಲಗಣ್ಣ... ಅವಳು ಬರೋ ಹೊತ್ತು."

ತಲೆ ಕೆಟ್ಟಿದೆ ಇವನಿಗೆ ಅಂದ್ಕೊಂಡೆ.

ಬದುಕಿದ್ದಾಗ ಇವನ ಹೆಂಡ್ತಿಗೆ ಬೆರಳು ಸೆಟೆದುಕೊಂಡಿದ್ವು, ಟೈಪ್ ಮಾಡೋಕಾಗ್ತಿರ್ಲಿಲ್ಲ. ಮೈಕಲ್ಲಿ ಹೇಳೋಳು, ಕಂಪ್ಯೂಟರ್ ತಾನೇ ಬರ್ಕೊಳ್ಳೋದು. ಆ ಮೈಕನ್ನ ಅವಳ ಜೊತೆಗೇ ಮಣ್ಣಿಗಿಟ್ಟಿದ್ದ ಈ ಪುಣ್ಯಾತ್ಮ.

"ಮೈಕ್ ಕಿತ್ತಾಗ ಕಂಪ್ಯೂಟರ್ ಆಫ್ ಆಗಿರ್ಲಿಲ್ಲ, ಸ್ಲೀಪಲ್ಲಿ ಮಲಗಿತ್ತಣ್ಣ. ಅದಕ್ಕೆ ಗೊತ್ತೇ ಆಗಿಲ್ಲ. ಎದ್ದಾಗೆಲ್ಲ ಮೌಸ್ ಇದೀಯಾ, ಪ್ರಿಂಟರ್ ಇದೀಯಾ ಅಂತ ಒಂದೊಂದನ್ನೇ ಕೂಗುತ್ತೆ... ಅವಳ ಮೈಕನ್ನೂ ಕೂಗುತ್ತೆ. ಅದಕ್ಕೇ ಆವತ್ತಿಂದ ಆಫೇ ಮಾಡಿಲ್ಲ. ಮಲಗಿಸ್ತೀನಿ, ಎಬ್ಬಿಸ್ತೀನಿ."

ಗುಂಡಿ ಒತ್ತಿದ. ಟುಡುಂಕ್... ಮೌಸ್. ಟುಡುಂಕ್... ಪ್ರಿಂಟರ್. ಆಮೇಲೆ ಏನೂ ಇಲ್ಲ. ಏನೂ ಇಲ್ಲ...

ಟುಡುಂಕ್.

ಸ್ಕ್ರೀನ್ ಮೇಲೆ ಅಕ್ಷರ ಬಂತು. ಯಾರೂ ಮುಟ್ಟಿಲ್ಲ, ನನ್ನಾಣೆ.

'ಊಟ ಆಯ್ತಾ ರೀ'

"ಆಯ್ತು ಕಣೇ," ಅಂದ ಇವನು. ಸುಳ್ಳು. ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಕರೆಂಟಿಲ್ದೆ ಕಂಪ್ಯೂಟರ್ ನಡೀತಿದ್ದಿದ್ದೇ ಮೇಜಿನ ಕೆಳಗಿದ್ದ ಬ್ಯಾಟರೀಲಿ. ಆಗ ಅದು ಮುಗೀತಾ ಬಂತು ಅಂತ ಕೂಗೋಕೆ ಶುರು. ಕುಯ್... ಕುಯ್... ಕುಯ್ ಕುಯ್ ಕುಯ್.

"ಅಣ್ಣ, ಏನಾದ್ರೂ ಮಾಡು. ಒಂದ್ಸಲ ಆರಿದ್ರೆ ಅವಳನ್ನ ಮರೆತುಬಿಡುತ್ತೆ ಇದು."

ಏನ್ ಮಾಡ್ಲಿ? ಎರಡು ಮೂಟೆ ಒಟ್ಟಿಗೆ ಹೊತ್ತ ತೋಳು ಇದು. ತಂತಿಗೆ ಕರೆಂಟ್ ತುಂಬೋಕಾಗುತ್ತಾ? ಕಂಬದ ಥರ ನಿಂತೆ.

'ಆಫ್ ಮಾಡ್ಬೇಡಿ' ಅಂತ ಬಂತು. 'ಕತ್ತಲಾಗ್ತಿದೆ ರೀ'

ಇವನು ಸ್ಕ್ರೀನನ್ನ ಎರಡೂ ಕೈಲಿ ತಬ್ಬಿಕೊಂಡ. "ನಾನಲ್ಲ ಕಣೇ... ನಾನು ಮಾಡ್ತಿಲ್ಲ ಕಣೇ..."

'ರೀ'

ಟಕ್.

ಕರೆಂಟ್ ಬಂದಾಗ ಬೆಳಗಿನ ಜಾವ. ಮತ್ತೆ ಹಾಕಿದ. ಮೌಸ್ ಬಂತು. ಪ್ರಿಂಟರ್ ಬಂತು. ಅಷ್ಟೇ. ಇವತ್ತಿಗೂ ಕೂತಿರ್ತಾನೆ, ಮಲಗಿಸ್ತಾ, ಎಬ್ಬಿಸ್ತಾ.

ಕುಡಿದಿದ್ದೆ ಅಂತೀರಿ. ನೀರೂ ಕುಡಿದಿರ್ಲಿಲ್ಲ. ಆವತ್ತು ಹೊರಡೋ ಮುಂಚೆ ನಾನೇ ಕಂಪ್ಯೂಟರ್ ಹಿಂದೆ ಬಗ್ಗಿ ನೋಡಿದೀನಿ, ಈ ಕಣ್ಣಲ್ಲಿ. ಮೈಕ್ ಸಿಕ್ಕಿಸೋ ತೂತು ಖಾಲಿ. ಅದರ ಸುತ್ತ ಮಾತ್ರ, ಕನ್ನಡಿಗೆ ಊದಿದ ಹಾಗೆ, ತಗಡಿನ ಮೇಲೆ ಆವಿ.

ಬೆರಳಲ್ಲಿ ಒರೆಸಿದೆ.

ಮತ್ತೆ ಆವಿ ಕೂತ್ಕೊಳ್ತು.