ಮೂರಡಿ ಕೆಳಗಿನ ಸುಣ್ಣ

ಬರಲ್ಲ ಅಂದ್ರೆ ಬರಲ್ಲ ಕಣೋ ಶಶಿ! ಎಷ್ಟು ಸಲ ಹೇಳ್ಬೇಕು ನಿನಗೆ? 'ಅತ್ತೆ ತರೀಕೆರೆಗೆ ಹೋಗೋದ್ರೊಳಗೆ ಬಂದು ನಿಜ ಹೇಳಣ್ಣ' ಅಂತೆ... ನಿಜ! ಬಂದು ಅರ್ಧ ಗಂಟೆ ಆಯ್ತು. ಅದೊಂದು ಮಾತು ಆಡಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ. ಲಕ್ಕಣ್ಣ ಅಂದ್ರೆ ಸುತ್ತ ನಾಲ್ಕು ಊರಲ್ಲಿ ಜನ ಎದ್ದು ಜಾಗ ಬಿಡ್ತಾರೆ. ಅಂಥವನು ನಿಮ್ಮತ್ತೆ ಮುಂದೆ ಕೈ ಕಟ್ಕೊಂಡು ನಿಂತು, 'ನಿನ್ನ ಮಗಳ ಕೈಗುಣ ಚೆನ್ನಾಗಿತ್ತು ತಾಯಿ, ಸುಳ್ಳು ಹೇಳಿದೋನು ನಾನು' ಅನ್ಬೇಕಾ? ಬಸ್ಸು ನಾಲ್ಕು ಗಂಟೆಗೆ. ಹೋಗ್ಲಿ ಬಿಡು. ಆ ಮುದುಕಿ ಹೋಗ್ಲಿ.

ಏನು ಹಾಗೆ ನೋಡ್ತೀಯ? ಅಣ್ಣ ಅನ್ನೋ ಭಯ ಬೇಡ್ವಾ?

ನೋಡು, ಅನಿತಾ ಸತ್ತು ಹನ್ನೆರಡು ದಿನ ಆಗಿದೆ. ನನಗೇನು ದುಃಖ ಇಲ್ವಾ? ಜ್ವರ ಬಂತು, ನಾಲ್ಕು ದಿನ ಮಲಗಿದಳು, ಹೋದಳು. ಕಡೂರಿಗೆ ಕಾರು ಮಾಡ್ಕೊಂಡು ಕರ್ಕೊಂಡು ಹೋದೋನು ಯಾರು? ನಾನು. ನೀನು ಹಿಂದಿನ ಸೀಟಲ್ಲಿ ಹೆಂಡ್ತಿ ಕೈ ಹಿಡ್ಕೊಂಡು ಕೂತಿದ್ದೆ, ಅಷ್ಟೇ. ಅವಳು ಸತ್ತಿದ್ದು ಜ್ವರದಿಂದ. ನನ್ನ ಮಾತಿಂದ ಅಲ್ಲ.

...ಅಲ್ಲ ಅಂದೆ. ತಲೆ ಆಡಿಸ್ಬೇಡ. ಹೌದೋ ಅಲ್ವೋ ಬಾಯಿ ಬಿಟ್ಟು ಹೇಳು.

ಆ ಚೀಲದಲ್ಲಿ ಏನದು? ತೆಗಿ. ಅವಾಗಿನಿಂದ ತೊಡೆ ಮೇಲೆ ಇಟ್ಕೊಂಡು ಮಗು ಥರ ತಟ್ತಾ ಇದ್ದೀಯ.

ಹೂಂ. ಕಲ್ಲು. ಕಲ್ಲು ತಂದಿದ್ದೀಯ ನನ್ನ ಜಗಲಿಗೆ! ಎಲ್ಲೀದು? ...ನಿನ್ನ ಪಾಲಿನ ದಿಣ್ಣೆ ಹೊಲದ್ದಾ? ಅವಳ ಗುಂಡಿ ತೆಗೆದಾಗ ಸಿಕ್ಕಿದ್ದಾ? ರಾಮ ರಾಮ! ಮಣ್ಣು ಮಾಡಿದ ಜಾಗದ ಕಲ್ಲನ್ನ ಯಾರಾದ್ರೂ ಮನೆಗೆ ತರ್ತಾರೇನೋ? ಹಾಲು ತುಪ್ಪ ಬಿಟ್ಟು ಬಂದ ಮೇಲೆ ಹಿಂದಕ್ಕೆ ತಿರುಗಿ ನೋಡ್ಬಾರ್ದು ಅಂತಾರೆ. ನೀನು ಕಲ್ಲನ್ನೇ ಹೊತ್ಕೊಂಡು ಬಂದಿದ್ದೀಯ. ಮೇಷ್ಟ್ರು ಬುದ್ಧಿ!

ಹೌದು, ಬಿಳೀದು. ಕಣ್ಣಿದೆ ನನಗೆ. ಗಂಟು ಗಂಟು, ಶುಂಠಿ ಥರ. ಸುಣ್ಣದ ಹರಳು. ಅದರಲ್ಲೇನು ದೊಡ್ಡ ವಿಷಯ? ಈ ಸೀಮೇಲಿ ಎಲ್ಲಿ ಅಗೆದರೂ ಒಂದೆರಡು ಸಿಗ್ತವೆ. ನಮ್ಮಜ್ಜಿ ಇದನ್ನ ಆಯ್ದು ಸುಟ್ಟು ಎಲೆ ಅಡಿಕೆಗೆ ಸುಣ್ಣ ಮಾಡ್ಕೊಳ್ತಿದ್ದಳು. ಇಗೋ, ಈ ಡಬ್ಬೀಲಿರೋದೂ ಸುಣ್ಣಾನೇ. ದಿನಕ್ಕೆ ಹತ್ತು ಸಲ ಹಾಕ್ಕೊಳ್ತೀನಿ. ನಾನೇನು ಸತ್ತೋದ್ನಾ?

ಇದೇನು ಇನ್ನೊಂದು? ಚಿಪ್ಪಾ? ಬಸವನಹುಳದ ಚಿಪ್ಪು. ಹಹ್ಹಾ! ಮಕ್ಕಳಿಗೆ ಪಾಠ ಮಾಡೋ ಸಾಮಾನೆಲ್ಲ ತಂದಿದ್ದೀಯ. ಇದೂ ಸುಣ್ಣಾನೇ ಅಂತೀಯಾ? ಹುಳ ತನ್ನ ಮೈಯಿಂದ ಸುಣ್ಣ ಒಸರಿ ಮನೆ ಕಟ್ಕೊಳ್ಳುತ್ತೆ ಅಂತ ಏಳನೇ ಕ್ಲಾಸಲ್ಲಿ ಹೇಳ್ಕೊಡ್ತೀಯಲ್ಲ, ಅದನ್ನೇ ನನಗೂ ಹೇಳ್ತೀಯಾ? ಹೇಳು, ಕೇಳ್ತೀನಿ.

...ಮತ್ತೆ ಚೀಲಕ್ಕೆ ಕೈ ಹಾಕಿದ್ಯಾ. ಸರಿ. ಒಂದೊಂದೇ ಜೋಡಿಸ್ತಾ ಹೋಗು. ಎರಡು. ಮೂರು. ನಾಲ್ಕು... ಎಷ್ಟು ತಂದಿದ್ದೀಯೋ? ಎಲ್ಲಾ ಆ ಹೊಲದ ಮಣ್ಣಲ್ಲೇ ಸಿಕ್ತಾ?

ಹೊಲದಲ್ಲಿ ಚಿಪ್ಪು ಇದ್ದರೆ ಏನಾಯ್ತು? ಕೊಕ್ಕರೆ ತಂದು ಹಾಕಿರುತ್ತೆ. ಕೆರೆಯಿಂದ ಹುಳ ಎತ್ಕೊಂಡು ಬಂದು, ತಿಂದು, ಚಿಪ್ಪು ಬಿಸಾಕಿರುತ್ತೆ. ...ಏನು? ಅಲ್ಲಿ ಮರ ಇಲ್ಲ ಅಂತ ನಗ್ತಿದ್ದೀಯಾ? ಕೊಕ್ಕರೆಗೆ ಮರಾನೇ ಬೇಕಾ? ನೆಲದ ಮೇಲೆ ಕೂರಲ್ವಾ?

ನಗ್ತಿಲ್ವಾ. ನಗ್ತಿದ್ದೀಯ ಅಂದ್ಕೊಂಡೆ.

ಸರಿ ಕಣಪ್ಪ, ಕೇಳು. ಕೆರೆ ಹೂಳಿನ ಗೋಡು ಹೊಡೆಸಿದ್ದೆ. ಹೌದು, ಹೊಡೆಸಿದ್ದೆ! ಪಾಲಾಗೋ ಹಿಂದಿನ ಬೇಸಿಗೇಲಿ, ಕೆರೆ ಒಣಗಿತ್ತು, ಎಲ್ಲರೂ ಹೊಡೆಸಿದ್ರು, ನಾನೂ ಜಾವೀದನ ಟ್ರ್ಯಾಕ್ಟರಲ್ಲಿ ಕೆರೆ ಗೋಡು ಹೊಡೆಸಿ ಆ ಹೊಲಕ್ಕೆ ಹರಡಿಸಿದೆ. ನೀನಾಗ ಅಜ್ಜಂಪುರದ ಸ್ಕೂಲಲ್ಲಿದ್ದೆ. ಗೋಡು ಹೊಡೆದರೆ ಭೂಮಿಗೆ ಒಳ್ಳೇದಲ್ವಾ? ತಮ್ಮನಿಗೆ ಹೋಗೋ ಹೊಲ ಕಪ್ಪಗೆ, ಲಕ್ಷಣವಾಗಿ ಇರ್ಲಿ ಅಂತ ಮಾಡಿಸಿದೆ. ಅದೂ ತಪ್ಪಾ? ಬೇರೆ ಯಾವ ಅಣ್ಣ ಮಾಡ್ತಾನೆ ಹೇಳು, ತಮ್ಮನ ಪಾಲಿಗೆ!

ನನ್ನ ಹೊಲಕ್ಕೆ ಯಾಕೆ ಹೊಡೆಸ್ಲಿಲ್ಲ ಅಂತಾನಾ? ನನ್ನ ಹೊಲಕ್ಕೆ... ಬೇಕಾಗಿರ್ಲಿಲ್ಲ.

ಅಂಜಿನಮ್ಮಾ! ನೀರು ತಾರೇ. ಬಾಗಿಲ ಸಂದೀಲಿ ನಿಂತು ಏನು ಕೇಳಿಸ್ಕೊಳ್ತಿದ್ದೀಯ? ಹೋಗು ಒಳಗೆ.

ನಲವತ್ತು ನಿಂಬೆ ಸಸಿ ನೆಟ್ಟಳು ನಿನ್ನ ಹೆಂಡ್ತಿ. ಯಾರಾದ್ರೂ ನೆಡು ಅಂದ್ರಾ? ರಾಗಿ ಹಾಕ್ಕೊಂಡಿರಿ ಅಂದೆ ನಾನು. ಕೇಳ್ಲಿಲ್ಲ. ಮೊದಲ ವರ್ಷ ಚೆನ್ನಾಗಿ ಬಂದ್ವು, ಒಪ್ತೀನಿ. ದಾರೀಲಿ ಹೋಗೋರೆಲ್ಲ ನಿಂತು ನೋಡೋರು. ಎರಡನೇ ವರ್ಷ ಎಲೆ ಹಳದಿ ತಿರುಗಿದ್ವು. ಎಲೆ ಹಳದಿ, ನರ ಮಾತ್ರ ಹಸಿರು. ಮೂರನೇ ವರ್ಷಕ್ಕೆ ತುದಿಯಿಂದ ಒಣಗ್ತಾ ಬಂದ್ವು. ನೀರು ಹೊತ್ತಳು, ಗೊಬ್ಬರ ಹೊತ್ತಳು, ಬೂದಿ ಹಾಕಿದಳು. ಏನು ಮಾಡಿದರೂ ಆಗ್ಲಿಲ್ಲ. ಆವಾಗ ಬಂದು ನನ್ನ ಕೇಳಿದಳು. ಇಲ್ಲೇ, ಈ ಕಂಬದ ಹತ್ರ ನಿಂತಿದ್ದಳು. 'ಬಾವಾ, ಆ ಮಣ್ಣಲ್ಲಿ ಏನಾದ್ರೂ ದೋಷ ಇದೆಯಾ? ನಿಮಗೆ ಗೊತ್ತಿರುತ್ತಲ್ಲ' ಅಂದಳು.

ಏನು ಹೇಳ್ಬೇಕಿತ್ತು ನಾನು?

ಮಣ್ಣಲ್ಲಿ ಏನೂ ಇಲ್ಲ ತಾಯಿ, ನಿನ್ನ ಕೈಗುಣ ಸರಿ ಇಲ್ಲ ಅಂದೆ. ಅಂದೆ, ಅಷ್ಟೇ! ಒಂದು ಮಾತು. ಹಳ್ಳೀಲಿ ಅನ್ನಲ್ವಾ? ಕೆಲವರು ನೆಟ್ಟದ್ದು ಬರುತ್ತೆ, ಕೆಲವರು ನೆಟ್ಟದ್ದು ಬರಲ್ಲ. ಅಷ್ಟಕ್ಕೇ ಅವಳು ತನ್ನ ಎರಡು ಕೈನೂ ಹೀಗೆ ತಿರುಗಿಸಿ ನೋಡ್ಕೊಂಡ್ರೆ ಅದಕ್ಕೆ ನಾನೇನು ಮಾಡ್ಲಿ?

ಆಮೇಲೆ ಊರೋರು ಅಂದ್ಕೊಂಡ್ರು. ನಾನು ಡಂಗುರ ಹೊಡೆಸ್ಲಿಲ್ಲ. ಸಸಿ ನಾಟಿಗೆ ಕರೀಲಿಲ್ಲ ಅಂದ್ರೆ ಅವರವರ ಇಷ್ಟ. ನಮ್ಮ ಹುಡುಗಿ ಮದುವೇಲಿ ಹಂದರಗಂಬಕ್ಕೆ ಹಾಲೆರೆಯೋಕೆ ಅವಳು ಚೊಂಬು ತಗೊಂಡಾಗ ನಿನ್ನ ಅತ್ತಿಗೆ ಅಂಜಿನಮ್ಮ ಅವಳ ಕೈಯಿಂದ ಕಿತ್ಕೊಂಡಳು. ಅದು ಹೆಂಗಸರ ವಿಷಯ. ನಾನು ನೋಡಿದೆ... ನೋಡಿ ಸುಮ್ಮನಿದ್ದೆ. ನೀನೂ ಇದ್ದೆಯಲ್ಲೋ! ನೀನೂ ಸುಮ್ಮನೇ ಇದ್ದೆ! ಆವತ್ತು ಎಲ್ಲೋಗಿತ್ತು ನಿನ್ನ ವಿಜ್ಞಾನ?

ಹಾಂ... ತಲೆ ಬಗ್ಗಿಸು. ಬಗ್ಗಿಸು.

ಅವತ್ತಿಂದ ಅವಳು ಒಂದು ತುಳಸಿ ಕಡ್ಡೀನೂ ನೆಡ್ಲಿಲ್ಲ ಅಂತೆ. ಅವಳ ಅವ್ವ ಹನ್ನೊಂದರ ದಿನ ಎದೆ ಬಡ್ಕೊಂಡು ಹೇಳಿದಳು, ನನಗೂ ಕೇಳಿಸ್ತು. ನನ್ನ ಮಗಳು ಕೈಗುಣ ಇಲ್ದೋಳು ಅಂತ ಅನ್ನಿಸ್ಕೊಂಡೇ ಮಣ್ಣಿಗೆ ಹೋದಳಲ್ಲ ಅಂತ... ನಾನು ಎದ್ದು ಹಿತ್ತಲಿಗೆ ಹೋದೆ. ಹೊಗೆಗೆ ಕಣ್ಣು ಉರೀತಿತ್ತು.

ನಿನಗೇನು ಬೇಕೋ ಬಾಯಿ ಬಿಟ್ಟು ಹೇಳ್ಬಿಡು. ಪಾಲು ಮತ್ತೆ ಆಗ್ಬೇಕಾ? ನನ್ನ ಪಾಲಿನ ಕೆರೆ ಕೆಳಗಿನ ಹೊಲ ಬೇಕಾ? ತಗೋ ಹೋಗು! ...ಬೇಡ್ವಾ? ಹೊಲ ಬೇಡ, ಜಗಳ ಬೇಡ, ಮತ್ತೆ ಈ ಕಲ್ಲು, ಚಿಪ್ಪು, ಸುಟ್ಟ ಮೋರೆ, ಇದೆಲ್ಲ ಯಾಕೆ? ಅಣ್ಣನ್ನ ಕಟಕಟೆಗೆ ನಿಲ್ಲಿಸೋಕಾ? ನಿನ್ನ ಹೆಂಡ್ತಿ ಗಿಡ ಉಳಿಸ್ಲಿಲ್ಲ ಅಂದ್ರೆ ನಾನು ಜವಾಬ್ದಾರಿಯಾ? ಅವಳೇನು ದೊಡ್ಡ ತೋಟಗಾರ್ತಿಯಾ? ಅಪ್ಪ! ನಮ್ಮಪ್ಪನಂಥ ಅಪ್ಪನಿಗೇ ಆ ಹೊಲದಲ್ಲಿ ಬಾವಿ ತೋಡ್ತಾ ಮೂರಡಿ ದಾಟೋಕಾಗ್ಲಿಲ್ಲ, ಹಾರೆ ಬಾಗಿ ಬಂತು, ಬಾವೀನೇ ಬಿಟ್ಟು ಗುಂಡಿ ಮುಚ್ಚಿಸಿದ್ರು, ಇನ್ನು ನಿನ್ನ ಹೆಂಡ್ತಿ ನೆಟ್ಟ ಬೇರಿಗೆ ಆಗುತ್ತಾ!

...

ಏನು?

ಏನಂದೆ ನಾನು?

ಬಾವಿ... ಅದು ಬೇರೆ ಹೊಲ. ಅದು... ಶಶೀ, ಹಾಗೆ ನೋಡ್ಬೇಡ ಕಣೋ. ನೀನಾಗ ತೊಟ್ಟಿಲಲ್ಲಿದ್ದೆ. ನನಗೆ ಹದಿಮೂರು. ಬುಟ್ಟೀಲಿ ಮಣ್ಣು ಹೊತ್ತೋನು ನಾನೇ. ಮೂರಡಿಗೆ ಬೆಳ್ಳಗೆ ಹಾಸು ಸಿಕ್ತು, ಗಾರೆ ಹಾಕಿದ ಹಾಗೆ. ಇಲ್ಲಿ ಬೇರು ಇಳಿಯೋ ಯಾವುದನ್ನೂ ನೆಡ್ಬೇಡ ಲಕ್ಕ, ಬರೀ ರಾಗಿ ಹಾಕು ಅಂದ್ರು ಅಪ್ಪ. ಪಾಲಿನ ಹೊತ್ತಿಗೆ ಮೇಲೆ ಬೆಳ್ಳಗೆ ಏನೂ ಕಾಣ್ಬಾರ್ದು ಅಂತಾನೇ ಗೋಡು ಹರಡಿಸಿದ್ದು.

ಬೈಯೋ. ಎದ್ದು ಒಂದು ಹೊಡೆಯೋ. ಏನಾದ್ರೂ ಮಾಡು.

ಇದೇನು ಮತ್ತೆ? ನಿಂಬೆಹಣ್ಣಾ? ಲೇ, ಹುಷಾರು! ಗುಂಡಿ ಕಲ್ಲು, ಚಿಪ್ಪು, ನಿಂಬೆಹಣ್ಣು... ಮಾಟ ಮಾಡಿಸ್ಕೊಂಡು ಬಂದಿದ್ದೀಯಾ ನನ್ನ ಮನೆಗೆ? ಓದಿದೋನು ನೀನು! ಚಾಕು ಯಾಕೆ? ...ಹಣ್ಣು ಕುಯ್ಯೋಕಾ. ಕುಯ್ಯಿ. ಕಲ್ಲಿನ ಮೇಲೆ ಹಿಂಡ್ತೀಯಾ? ಹಿಂಡು, ನೋಡೋಣ.

...ಚುಸ್ ಅಂತಿದೆ.

ನೊರೆ ಬರ್ತಿದೆ. ಕಲ್ಲಿಗೆ ಜೀವ ಬಂದ ಹಾಗೆ ಉಕ್ತಾ ಇದೆಯಲ್ಲೋ. ಸಾಕು. ಗೊತ್ತಾಯ್ತು. ಸುಣ್ಣಾನೇ. ಸಾಕು ನಿಲ್ಲಿಸು ಅಂದೆ.

ಒಳ್ಳೇ ಹಣ್ಣು ಕಣೋ. ಎಷ್ಟು ರಸ! ಇಷ್ಟು ದಪ್ಪ ಹಣ್ಣು ಕಡೂರು ಸಂತೇಲೂ ಸಿಗಲ್ಲ. ಎಲ್ಲಿಂದ ತಂದೆ? ಯಾರ ಮರದ್ದು?

...ಸ್ಕೂಲಾ? ಹಿರೇನಲ್ಲೂರಿನ ನಿನ್ನ ಸ್ಕೂಲ್ ಕಡೆ ಯಾಕೆ ಕೈ ತೋರಿಸ್ತೀಯ? ಸ್ಕೂಲ್ ಹಿಂದೆ, ನಲ್ಲಿ ಹತ್ರ ಒಂದು ನಿಂಬೆಗಿಡ ಇದೆ, ಹೌದು, ನೋಡಿದ್ದೀನಿ. ಕೆಂಪು ಮಣ್ಣು ಅಲ್ಲಿ. ಮಕ್ಕಳು ಕಲ್ಲು ಹೊಡೀತಿರ್ತಾರೆ. ಅದನ್ನ ಯಾರು ನೆಟ್ಟದ್ದು?

ನಲವತ್ತು ನೆಟ್ಟು ಒಂದು ಸಸಿ ಮಿಕ್ಕಿತ್ತು ಅಂತ ಅವತ್ತು ಹೇಳ್ತಿದ್ದಳು... ನಿನ್ನ ಬೈಕಿಗೆ ಕಟ್ಟಿ ಕಳಿಸ್ತೀನಿ ಅಂತ...

ಅವಳಾ?

ಶಶಿ, ಹೇಳೋ. ಅವಳು ನೆಟ್ಟಿದ್ದಾ? ಅವಳೇ ಬಂದು ನೆಟ್ಟಿದ್ದಾ, ತನ್ನ ಕೈಯಿಂದ? ...ಹೌದಾ. ಕಾಯಿ ಬಿಟ್ಟದ್ದು ಅವಳು ನೋಡಿದ್ದಳಾ? ಹೇಳೋ ಅದನ್ನಾದ್ರೂ. ನೋಡಿದ್ದಳು ಅಂತ ಹೇಳ್ಬಿಡೋ...

...ನೋಡ್ಲಿಲ್ವಾ.

ಎಲ್ಲಿಗೆ ಹೊರಟೆ? ಬಸ್ಸಿಗಾ? ಇನ್ನೂ ಮೂರೂವರೆ. ನಿಲ್ಲು, ಚಪ್ಪಲಿ ಹಾಕ್ಕೊಳ್ತೀನಿ. ಅಂಜೀ, ನನ್ನ ಟವಲ್ಲು... ಏನು ಅಳ್ತಿದ್ದೀಯ, ಟವಲ್ಲು ಕೊಡೇ. ಬರ್ತೀನಿ ಕಣೋ, ನಾನೂ ಬರ್ತೀನಿ. ಶಶೀ! ಕಲ್ಲು ಇರ್ಲಿ, ಚಿಪ್ಪೂ ಇರ್ಲಿ. ಆ ನಿಂಬೆಹಣ್ಣಿನ ಇನ್ನೊಂದು ಹೋಳು... ಅದನ್ನ ಮಾತ್ರ ಇಲ್ಲಿ ಬಿಟ್ಟು ಹೋಗ್ಬೇಡ ಕಣೋ.