ಗೇನ್‌ಸೇ: ಅಮ್ಮ ಎದುರಾಡಿದ ದಿನ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಸರ್ವಮಂಗಳಾ ಮೇಡಂ ಅವರೇ, ಮಧುಗಿರಿಯ ಹಿರಿಯ ವಕೀಲ ಮಿತ್ರರೇ, ಇಂಗ್ಲಿಷ್ ಸಂಘದ ವಿದ್ಯಾರ್ಥಿನಿಯರೇ, ಹೊರಗೆ ಬಿಸಿಬೇಳೆಬಾತಿನ ಘಮ ಎದ್ದಿದ್ದರೂ ಏಳದೆ ಕುಳಿತಿರುವ ಸಭಿಕರೇ,

‘ರಾಧಾಮಣಿ, ಒಂದು ಹಳೆಯ ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಮಾತಾಡಿ’ ಎಂದು ಮೇಡಂ ಅಪ್ಪಣೆ ಮಾಡಿದರು. ನಾನು ಆರಿಸಿಕೊಂಡದ್ದು ‘ಗೇನ್‌ಸೇ’. ಇದನ್ನು ಇವತ್ತು ನಮ್ಮ ಕೋರ್ಟಿನವರನ್ನು ಬಿಟ್ಟರೆ ಬಳಸುವವರು ಕಡಿಮೆ. ಹೊಸದಾಗಿ ಕರಿಕೋಟು ತೊಟ್ಟಿದ್ದಾಗ ಒಂದು ರಾಜಿ ಪತ್ರದಲ್ಲಿ ಕಂಡೆ. ಗೇನ್ ಎಂದರೆ ಲಾಭ, ಸೇ ಎಂದರೆ ಹೇಳು. ಲಾಭದ ಮಾತಾಡುವುದು ಎಂದುಕೊಂಡೆ. ವಕೀಲಳಿಗೆ ಇದಕ್ಕಿಂತ ಒಳ್ಳೆಯ ಅರ್ಥ ಬೇಕೇ? ನನ್ನ ಸೀನಿಯರ್ ಗಂಗಾಧರ್ ಅವರು ನಕ್ಕು ತಿದ್ದಿದರು. ಲಾಭದ ಗೇನ್ ಬಂದದ್ದು ಫ್ರೆಂಚ್ ಕಡೆಯಿಂದ. ಇದರ ಬೇರೇ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಎದುರು’ ಎಂಬ ಅರ್ಥವಿದ್ದ ಈ ‘ಗೇನ್’ ‘ಅಗೇನ್‌ಸ್ಟ್’ನೊಳಗೆ ಇಂದಿಗೂ ಉಸಿರಾಡುತ್ತಿದೆ. ಗೇನ್‌ಸೇ ಎಂದರೆ ಅಲ್ಲಗಳೆಯುವುದು; ನಮ್ಮ ‘ಎದುರಾಡು’ ಹೇಗೆ ಹುಟ್ಟಿತೋ ಅದೂ ಹಾಗೆಯೇ ಹುಟ್ಟಿತು.

ಆ ರಾಜಿ ಪತ್ರ ಯಾರದು? ನನ್ನ ಅಪ್ಪ ಅಮ್ಮನದೇ. ನಮ್ಮ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿಗೆ ಊರಿನ ಜಮೀನುದಾರರೊಬ್ಬರು ಬೇಲಿ ಹಾಕಿದ್ದರು. ಕೇರಿಯ ಪರವಾಗಿ ಅಪ್ಪ ಚಿಕ್ಕನರಸಯ್ಯ, ಅಮ್ಮ ಚಿಕ್ಕಹನುಮಕ್ಕ ದಾವೆ ಹೂಡಿದ್ದರು. ಆದರೆ ಅಪ್ಪ ದುಡಿಯುತ್ತಿದ್ದುದು ಅದೇ ಜಮೀನುದಾರರ ತೋಟದಲ್ಲಿ. ಕೆರೆಯಂಚಿನಲ್ಲಿ ಸ್ಮಶಾನಕ್ಕೆ ಬೇರೆ ಜಾಗ ಕೊಡಿಸುತ್ತೇವೆಂದು ಊರಿನವರು ಒತ್ತಾಯಿಸಿ ಅಪ್ಪನನ್ನು ರಾಜಿಗೆ ಒಪ್ಪಿಸಿದರು. ಅಲ್ಲಿ ಎಂದೂ ದಾರಿ ಇರಲಿಲ್ಲ, ಇದನ್ನು ಯಾರೂ ಗೇನ್‌ಸೇ ಮಾಡಲಾರರು ಎಂದು ಎದುರು ಪಕ್ಷದವರು ಆ ಪತ್ರದಲ್ಲಿ ಬರೆಸಿದ್ದರು.

ನ್ಯಾಯಾಧೀಶರು ಅದನ್ನು ಕನ್ನಡದಲ್ಲಿ ವಿವರಿಸಿ ಇಬ್ಬರನ್ನೂ ಕೇಳಿದರು. ಅಪ್ಪ ಒಪ್ಪಿಗೆ ಎಂದರು. ಅಲ್ಲಿಯವರೆಗೆ ಅಮ್ಮ ನಾಲ್ಕು ಜನರ ಮುಂದೆ ಅಪ್ಪನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ.

“ನಂಗೊಪ್ಗೆ ಇಲ್ಲ ಸ್ವಾಮಿ,” ಎಂದಳು. “ದಾರಿ ಇತ್ತು. ನನ್ ಮೊದಲ್ನೇ ಹೆಣ್ ಮಗೀನ ಅದ್ರಲ್ಲೇ ಎತ್ಕೊಂಡೋಗಿ ಮಣ್ ಮಾಡಿದ್ದು. ಇಲ್ಲ ಅಂತ ಹೆಂಗನ್ಲಿ?”

ನನಗೊಬ್ಬಳು ಅಕ್ಕ ಇದ್ದಳೆಂದು ನನಗೆ ತಿಳಿದದ್ದು ಆಗ, ವಕೀಲರ ಬೆಂಚಿನ ಮೇಲೆ ಕುಳಿತಿದ್ದಾಗ. ನ್ಯಾಯಾಧೀಶರು ಅಪ್ಪನತ್ತ ತಿರುಗಿದರು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಅವಳು ಹೇಳಿದ್ದೇ ನಿಜ ಎಂದರು. ರಾಜಿ ಮುರಿದುಬಿತ್ತು.

ಮಾರನೆಯ ದಿನವೇ ಅಪ್ಪನ ಕೆಲಸ ಹೋಯಿತು. ಶಿರಾದ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊತ್ತರು. ಅಮ್ಮನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ ಎಂದು ಹೇಳೋಣವೆಂದರೆ ಅಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಸಿಟ್ಟಾಗಿದ್ದರು. ಬಹಳ ದಿನ ಮಾತು ಬಿಟ್ಟಿದ್ದರು. ಆದರೂ ವಿಚಾರಣೆಯ ಪ್ರತಿ ದಿನವೂ ಅಮ್ಮನ ಪಕ್ಕದಲ್ಲೇ ಬಸ್ಸಿನಲ್ಲಿ ಕೂತು ಮಧುಗಿರಿಗೆ ಬಂದರು. ಅಮ್ಮನ ಸಾಕ್ಷ್ಯ ನಿಂತಿತು. ಬೇಲಿ ತೆಗೆಯಬೇಕೆಂದು ತೀರ್ಪಾಯಿತು.

ವಿದ್ಯಾರ್ಥಿನಿಯರೇ, ಎದುರಾಡುವ ಹೆಂಗಸು ಗಯ್ಯಾಳಿ ಎಂದು ನಿಮಗೂ ಹೇಳಿಕೊಟ್ಟಿದ್ದಾರಲ್ಲವೇ? ನನಗೂ ಹೇಳಿಕೊಟ್ಟಿದ್ದರು. ನಂಬಬೇಡಿ. ಕಂಡದ್ದನ್ನು ಕಂಡೆ ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮುಂದಿನದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬೇಲಿ ಕಿತ್ತ ದಿನ ಅಪ್ಪ ನನ್ನನ್ನು ಆ ದಾರಿಯಲ್ಲಿ ಕರೆದೊಯ್ದರು. ಸ್ಮಶಾನದ ಹೊಂಗೆಮರದ ಬುಡದಲ್ಲಿ ಒಂದು ಗುಂಡುಕಲ್ಲು. ಅದರ ಮೇಲಿನ ತರಗೆಲೆ ಸರಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ ಹೇಳಿದರು:

“ವನಜಾ, ನಿನ್ ತಂಗಿ ಬಂದವ್ಳೆ ಕಣಮ್ಮ.”

ಕರೆದು ಮಾತಾಡಿಸಿದ ಮೇಡಂ ಅವರಿಗೂ, ಕೂತು ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.