ಉಸಿರಿನ ಜಾಗ

ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಗಟ್ಟಿಯಾಗಿ ಹೇಳಿ. ಗುಡ್ಡದ ಮೇಲೆ ಗಾಳಿ ಎದ್ದರೆ ಈ ಕಣಿವೆಯ ಲೈನು ಯಾವಾಗ ಕಡಿದು ಹೋಗತ್ತೋ ಹೇಳೋಕಾಗಲ್ಲ…

…ಗ್ರೇಡಿಯಾ? ನಮ್ಮ ಬ್ಯಾಂಜೊ ಗ್ರೇಡಿಯಾ? ಹಾಂ, ನಾನೇ, ಎಲ್ವೀನಾ ಟೀಚರ್. ಇಡೀ ಕೆಂಟಕಿಯಲ್ಲಿ ನಿಮ್ಮ ಆಲ್ಬಮ್ಮಿನದೇ ಮಾತಂತೆ. ನಮ್ಮನ್ನ ಮರೆತೇ ಬಿಟ್ಟೆ ಅಂದುಕೊಂಡಿದ್ದೆ…

…ಬಂತು. ನಿನ್ನೆ ಅಂಚೆಯವಳು ತಂದುಕೊಟ್ಟಳು. ಆಲ್ಬಮ್ಮಿನ ಮೇಲಿನ ಚಿತ್ರ ಚೆನ್ನಾಗಿದೆ. ನಮ್ಮ ಜಗಲಿ, ಒಂದೇ ಮೈಕು, ಅದರ ಸುತ್ತ ನೀವು ಐವರು, ನಡುವೆ ಕುರ್ಚಿಯಲ್ಲಿ ನನ್ನ ಗಂಡ. ಹೋಬರ್ಟ್ ತಲೆ ಬಾಚಿದ ಚಿತ್ರ ಲೋಕದಲ್ಲಿ ಅದೊಂದೇ…

…ಕೇಳಿದ್ವಿ. ಅರ್ಧ ಬ್ಲೂಗ್ರಾಸ್ ಸಂಗೀತದ ಓಟ, ಅರ್ಧ ಅಜ್ಜಿಯರ ಹಳೇ ಪದ, ಹದವಾಗಿ ಬೆರೆಸಿದೀರಿ. ಪಿಟೀಲು ಸೊಗಸು. ನಿನ್ನ ಬ್ಯಾಂಜೊ ಕೂಡ ಶ್ರುತಿಯಲ್ಲಿತ್ತು, ಪವಾಡ… ನಗಬೇಡ. ನಾನು ನಗ್ತಾ ಇಲ್ಲ…

…ಕೊನೆಯ ಹಾಡು. ಹೋಬರ್ಟ್ ಹಾಡಿದ ‘ನೆಲದಡಿಯ ಬೆಳಗು’. ಅದಕ್ಕೇನು ಮಾಡಿದ್ರಿ?…

…ಏನೂ ಇಲ್ಲವಾ? ಪ್ರತಿ ಚರಣದಲ್ಲಿ ಮೂರನೇ ಸಾಲು ಮುಗಿದ ಮೇಲೆ ಅವರು ನಿಲ್ಲಿಸ್ತಿದ್ರು. ಆಳದ ಬಾವಿಯಿಂದ ನೀರು ಸೇದಿದ ಹಾಗೆ ಉಸಿರು ಎಳೆದುಕೊಳ್ತಿದ್ರು. ಅಲ್ಲೀವರೆಗೆ ನೀವು ಐವರೂ ತಂತಿ ಮೇಲೆ ಬೆರಳಿಟ್ಟು ಕಾಯ್ತಿದ್ರಿ. ಹಾಗೆ ಕಾಯೋದನ್ನ ಕಲಿಯೋಕೆ ನಿನಗೆ ಒಂದು ಚಳಿಗಾಲವೇ ಬೇಕಾಯ್ತು, ಅಲ್ವಾ? ಆ ಜಾಗ ಎಲ್ಲಿ ಹೋಯ್ತು?…

…ಯಾರು ಕತ್ತರಿಸಿದ್ದು? ಧ್ವನಿಮುದ್ರಣದವರಾ? ತಾಳ ತಪ್ಪಿದ ಹಾಗೆ ಕೇಳಿಸತ್ತೆ ಅಂದ್ರಾ? ಆಗ ನೀನು ಏನಂದೆ?…

…ಸುಮ್ಮನಿದ್ದೆ. ಹಾಂ. ಸುಮ್ಮನಿರೋದೂ ಒಂದು ಉತ್ತರವೇ ಗ್ರೇಡಿ. ಅದನ್ನ ನಿನಗೆ ತರಗತಿಯಲ್ಲೇ ಕಲಿಸಿದ್ದೆ…

…ಹೋಬರ್ಟಾ? ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ್ರು. ಆಮೇಲೆ, ‘ಎಲ್ವೀನಾ, ಯಾರೇ ಇವನು? ಒಳ್ಳೇ ಎದೆ ಕಣೇ ಇವನದು’ ಅಂದ್ರು…

…ಅಳಬೇಡ, ಕೇಳು. ಆಯುಷ್ಯವೆಲ್ಲ ಕಲ್ಲಿದ್ದಲ ಧೂಳು ಕುಡಿದ ಎದೆ ಅದು. ಪರಿಹಾರ ಕೇಳೋಕೆ ಹೋದಾಗ ಗಣಿ ಕಂಪನಿಯ ವೈದ್ಯ ಏನಂದ? ಈ ಎದೆಯಲ್ಲಿ ದೋಷವೇ ಇಲ್ಲ ಅಂದ. ಪ್ರಮಾಣ ಮಾಡಿ ಹೇಳಿದ, ನಾನು ಪಕ್ಕದಲ್ಲೇ ಕೂತಿದ್ದೆ. ಈ ಮನುಷ್ಯನಿಗೆ ಉಸಿರು ಸಾಲಲ್ಲ ಅನ್ನೋದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಆ ಹಾಡು. ಅದರ ಬಾಯಿಂದಲೂ ನೀವು ಆ ವೈದ್ಯನ ಮಾತನ್ನೇ ಆಡಿಸಿದ್ರಿ…

…ಜನ ಮೆಚ್ಚಿರಬಹುದು. ಪ್ರಶಸ್ತಿಯೂ ಬರಲಿ. ಚೆಂದ ಆಯ್ತು ಅಂದ ಮಾತ್ರಕ್ಕೆ ಸುಳ್ಳು ನಿಜ ಆಗಲ್ಲ…

…ಮುಂದಿನ ಮುದ್ರಣದಲ್ಲಿ ಸರಿ ಮಾಡ್ತೀಯಾ? ಮಾತು ಕೊಡು… ಹಾಂ. ಕೊಟ್ಟ ಮಾತು ಉಳಿಸಿಕೋ. ಆದರೆ ಅದನ್ನ ಕೇಳೋಕೆ ಅವರಿರಲ್ಲ ಗ್ರೇಡಿ. ಬೆಳಿಗ್ಗೆ ನರ್ಸ್ ಬಂದಿದ್ದಳು. ಹೊರಡುವಾಗ ಸುಮ್ಮನೆ ನನ್ನ ಕೈ ಹಿಡಿದುಕೊಂಡಳು…

…ಹುಡುಗರೆಲ್ಲ ಜೊತೆಗಿದಾರಾ? ವ್ಯಾನಿನಲ್ಲಾ? ಹಾಗಾದ್ರೆ ರಸ್ತೆ ಬದಿಗೆ ನಿಲ್ಲಿಸಿ, ವಾದ್ಯ ಇಳಿಸಿ. ನಿನ್ನ ಫೋನೇ ಮೈಕು ಅಂದುಕೊಂಡು ಸುತ್ತ ನಿಂತುಕೊಳ್ಳಿ… ಚಳಿನಾ? ಬೆರಳು ಮರಗಟ್ಟಿದರೂ ನುಡಿಸಿ. ಅವರು ಹಾಗೆಯೇ ಕಲ್ಲಿದ್ದಲು ಅಗೆದಿದ್ದು…

…ಇಲ್ಲಿ ಸ್ಪೀಕರ್ ಗುಂಡಿ ಒತ್ತಿದೀನಿ, ಹಾಸಿಗೆ ಪಕ್ಕದಲ್ಲೇ ಇದೀನಿ. ನೀವ್ಯಾರೂ ಹಾಡಬೇಡಿ. ಹಾಡೋದು ಅವರು. ದನಿ ಬರಲ್ಲ, ತುಟಿ ಆಡತ್ತೆ, ನಾನು ನೋಡಿ ಹೇಳ್ತೀನಿ… ಹೋಬರ್ಟ್, ನಿನ್ನ ಹುಡುಗರು ಬಂದಿದಾರೆ, ಕೇಳಿಸ್ತಿದೆಯಾ?…

…ಶುರು ಮಾಡಿ…

…ಹಾಂ. ತುಟಿ ಆಡ್ತಿದೆ ಗ್ರೇಡಿ. ಎರಡನೇ ಸಾಲು… ಮೂರು… ನಿಲ್ಲಿಸಿ. ಕಾಯಿರಿ… ಬಂತು, ಎಳೆದುಕೊಂಡ್ರು. ಈಗ ನುಡಿಸಿ…

…ನಕ್ಕರು ಕಣೋ. ‘ಇವನು ನಾನೇ’ ಅಂದ್ರು. ಪಿಸುಮಾತು, ನಿನಗೆ ಕೇಳಿಸಿರಲ್ಲ…

…ಎರಡನೇ ಚರಣ. ಮೆಲ್ಲಗೆ, ಮೆಲ್ಲಗೆ… ಮೂರನೇ ಸಾಲು. ನಿಲ್ಲಿಸಿ…

…ಇನ್ನೂ ಉಸಿರು ಎಳೆದುಕೊಂಡಿಲ್ಲ… ಲೈನು ಕರಕರ ಅಂತಿದೆ, ಗಾಳಿ ಎದ್ದಿದೆ…

…ಬೇಡ, ತಂತಿ ಮುಟ್ಟಬೇಡ ಗ್ರೇಡಿ. ಎಷ್ಟು ಉದ್ದವಾದರೂ ಈ ಜಾಗ ಅವರದು… ಹೋಬರ್ಟ್?… ಯಾರೂ ಮುಂದೆ ಹೋಗಬೇಡಿ, ಕಾಯಿರಿ, ಅವರು ಇನ್ನೂ—